ಹೀರೇಕಾಯಿ ಚೈನೀಸ್ ಶೈಲಿಯಲ್ಲಿ: ನೀರಾಗದ ಹಾಗೆ, ಕಪ್ಪಾಗದ ಹಾಗೆ ಮಾಡುವ ಸಮಗ್ರ ಮಾರ್ಗದರ್ಶಿ

ಹೀರೇಕಾಯಿಯನ್ನು ಚೈನೀಸ್ ಥರ ಹುರಿಯಲು ಹೋದವರ ದೂರುಗಳು ಮೂರೇ. ಬಾಣಲೆ ತುಂಬ ನೀರು ಬಿಟ್ಟಿತು. ಹಸಿರು ಹೋಗಿ ಕಪ್ಪಗಾಯಿತು. ಬಾಯಿಗಿಟ್ಟರೆ ಲೊಳಲೊಳ ಅನ್ನುತ್ತದೆ.

ದಾವಣಗೆರೆ, ಚಿತ್ರದುರ್ಗದ ಕಡೆ ಹೀರೇಕಾಯಿ ಪಲ್ಯ ಬರದ ಮನೆ ಇಲ್ಲ, ರೊಟ್ಟಿ ಜೊತೆ ಅದು ಇರಲೇಬೇಕು, ಹಾಗಾಗಿ ಒಲೆ ಮುಂದೆ ನಿಂತ ಕೂಡಲೇ ಕೈ ತಾನಾಗಿಯೇ ಪಲ್ಯದ ದಾರಿ ಹಿಡಿಯುತ್ತದೆ: ಒಗ್ಗರಣೆ, ಹೋಳು, ಉಪ್ಪು, ಮುಚ್ಚಳ, ಸಣ್ಣ ಉರಿ. ಪಲ್ಯಕ್ಕೆ ಇದೇ ಸರಿ. ಆದರೆ ಹುರಿಯುವ ಅಡುಗೆ ಕೆಡುವುದೂ ಇದರಿಂದಲೇ. ಹೀರೇಕಾಯಿಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಪಾಲು ನೀರು. ಉಪ್ಪು ಮೊದಲೇ ಬಿದ್ದರೆ ಅದು ಹೊರಗೆ ಬರುತ್ತದೆ, ಮುಚ್ಚಳ ಮುಚ್ಚಿದರೆ ಹಬೆ ಮತ್ತೆ ನೀರಾಗಿ ಇಳಿಯುತ್ತದೆ, ಸಣ್ಣ ಉರಿಯಲ್ಲಿ ಅದು ಆರುವುದೂ ಇಲ್ಲ. ಸಾಮಾನು ಅದೇ ಇರಲಿ, ಕ್ರಮ ಬದಲಿಸಿ ಸಾಕು. ಕೆಳಗೆ ಹೇಳಿರುವ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ, 5ನೇ ಹಂತದ ತಯಾರಿ ಮಾತ್ರ ಕಾಯಿ ಹೆಚ್ಚುವ ಮೊದಲೇ ಮುಗಿದಿರಲಿ.

## ಶುರು ಮಾಡುವ ಮೊದಲು: ಪಾತ್ರೆ, ಸಾಮಾನು

ಅಗಲವಾದ ಬಾಣಲೆ ಬೇಕು. ಆಳಕ್ಕಿಂತ ಅಗಲ ಮುಖ್ಯ, ಯಾಕೆಂದರೆ ಹೋಳು ಒಂದರ ಮೇಲೊಂದು ಬಿದ್ದರೆ ಹುರಿಯುವ ಬದಲು ಬೇಯುತ್ತವೆ. ದಪ್ಪ ತಳದ ಸ್ಟೀಲ್ ಬಾಣಲೆ ಚೆನ್ನ. ಕಬ್ಬಿಣದ್ದು ಇದ್ದರೆ ಚೆನ್ನಾಗಿ ಎಣ್ಣೆ ಕುಡಿದು ಪಳಗಿದ್ದಾಗಿರಲಿ. ಹೊಸದು ಅಥವಾ ಈಗಷ್ಟೇ ಉಜ್ಜಿ ತೊಳೆದದ್ದು ಹೀರೇಕಾಯಿಯನ್ನು ಕಪ್ಪು ಮಾಡುತ್ತದೆ. ನಾನ್‌ಸ್ಟಿಕ್ ಆದೀತು, ಆದರೆ ಅದನ್ನು ಖಾಲಿ ಇಟ್ಟು ದೊಡ್ಡ ಉರಿಯಲ್ಲಿ ಕಾಯಿಸಬಾರದು. ಇದರ ಜೊತೆ ಒಂದು ಪೀಲರ್, ಒಂದು ತೂತಿನ ಬುಟ್ಟಿ, ಒಣ ಬಟ್ಟೆ, ಉದ್ದ ಹಿಡಿಕೆಯ ಸಟ್ಟುಗ. ಇಷ್ಟೇ.

ಇಬ್ಬರು ಮೂವರಿಗೆ: ಎಳೆಯ ಹೀರೇಕಾಯಿ ಸುಮಾರು ಅರ್ಧ ಕೆಜಿ, ಶೇಂಗಾ ಎಣ್ಣೆ 2 ದೊಡ್ಡ ಚಮಚ, ಬೆಳ್ಳುಳ್ಳಿ ಸಣ್ಣ ಎಸಳಾದರೆ 8, ದಪ್ಪದ್ದಾದರೆ 4, ಹಸಿ ಶುಂಠಿ ಒಂದು ಇಂಚು, ಹಸಿಮೆಣಸಿನಕಾಯಿ 1, ಉಪ್ಪು ಅರ್ಧ ಚಿಕ್ಕ ಚಮಚ, ಸಕ್ಕರೆ ಕಾಲು ಚಿಕ್ಕ ಚಮಚ, ಸೋಯಾ ಸಾಸ್ ಅರ್ಧ ಚಿಕ್ಕ ಚಮಚ, ಕಾರ್ನ್ ಫ್ಲೋರ್ 1 ಚಿಕ್ಕ ಚಮಚ, ಮೆಣಸಿನ ಪುಡಿ ಅಂದರೆ ಕರಿಮೆಣಸಿನದು, ಒಂದು ಚಿಟಿಕೆ.

ಎಣ್ಣೆಯ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಚಳ್ಳಕೆರೆಯ ಗಿರಣಿಗಳಿಂದ ಬರುವ ಶೇಂಗಾ ಎಣ್ಣೆ ಮನೆಯಲ್ಲಿ ಇದ್ದೇ ಇರುತ್ತದೆ, ದಕ್ಷಿಣ ಚೀನಾದ ಅಡುಗೆಮನೆಗಳಲ್ಲೂ ಹುರಿಯಲು ಶೇಂಗಾ ಎಣ್ಣೆಯನ್ನೇ ಬಹಳ ಬಳಸುತ್ತಾರೆ. ರಿಫೈಂಡ್ ಆದರೆ ದೊಡ್ಡ ಉರಿ ತಡೆಯುತ್ತದೆ. ಗಾಣದ ಎಣ್ಣೆಗೆ ಪರಿಮಳ ಜಾಸ್ತಿ, ಆದರೆ ಬೇಗ ಹೊಗೆ ಬರುತ್ತದೆ, ಅದನ್ನು ಬಳಸಿದರೆ ಹೊಗೆ ಕಾಣುವ ಮೊದಲೇ ಬೆಳ್ಳುಳ್ಳಿ ಬೀಳಬೇಕು.

ಇನ್ನು ಮೂರು ಸಾಮಾನಿನಲ್ಲಿ ತುಂಬ ಜನ ಎಡವುತ್ತಾರೆ. ಒಂದು, ಕಾರ್ನ್ ಫ್ಲೋರ್. ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳ ಬೇಕಾದಷ್ಟು ಬೆಳೆಯುತ್ತದೆ, ಅದನ್ನೇ ಗಿರಣಿಗೆ ಹಾಕಿಸಿದರೆ ಆಯಿತಲ್ಲ ಅಂದುಕೊಳ್ಳಬೇಡಿ. ಗಿರಣಿಯದ್ದು ಹಳದಿ ಹಿಟ್ಟು, ಹಾಕಿದರೆ ಗಂಜಿಯಾಗುತ್ತದೆ. ಬೇಕಾದದ್ದು ಬೆಳ್ಳಗಿನ, ಬೆರಳಲ್ಲಿ ಉಜ್ಜಿದರೆ ಕಿರ್ ಅನ್ನುವ ಪಿಷ್ಟ. ಎರಡು, ಸೋಯಾ ಸಾಸ್. ಕಿರಾಣಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕಪ್ಪಗೆ ದಪ್ಪಗಿರುವ ಬಗೆ, ಒಂದು ದೊಡ್ಡ ಚಮಚ ಸುರಿದರೆ ಹೀರೇಕಾಯಿಯ ಬಣ್ಣವೂ ಹೋಯಿತು, ರುಚಿಯೂ ಹೋಯಿತು. ಅರ್ಧ ಚಿಕ್ಕ ಚಮಚ ಸಾಕು, ಹಾಕದಿದ್ದರೂ ನಡೆಯುತ್ತದೆ. ಮೂರು, ಎಳ್ಳೆಣ್ಣೆ. ಚೀನಾದವರು ಕೊನೆಗೆ ನಾಲ್ಕು ಹನಿ ಹಾಕುವುದು ಹುರಿದ ಎಳ್ಳಿನ ಎಣ್ಣೆ, ಅದರ ಘಮವೇ ಬೇರೆ. ದೇವರ ದೀಪಕ್ಕೆ ಅಂತ ಮಾರುವ ಎಣ್ಣೆ ತಿನ್ನುವುದಕ್ಕಲ್ಲ, ಅದನ್ನು ಅಡುಗೆಗೆ ಖಂಡಿತ ಮುಟ್ಟಬೇಡಿ. ಹುರಿದ ಎಳ್ಳಿನ ಎಣ್ಣೆ ಸಿಗದಿದ್ದರೆ ಒಂದು ಚಮಚ ಬಿಳಿ ಎಳ್ಳು ಹುರಿದು, ಅರೆಬರೆ ಕುಟ್ಟಿ ಉದುರಿಸಿ.

## 1. ಕಾಯಿ ಆರಿಸುವುದು

ಅರ್ಧ ಅಡುಗೆ ಸಂತೆಯಲ್ಲೇ ಮುಗಿಯುತ್ತದೆ. ಬಲಿತ ಕಾಯಿ ತಂದರೆ ಮುಂದಿನ ಯಾವ ಹಂತವೂ ಅದನ್ನು ಉಳಿಸುವುದಿಲ್ಲ.

ಕೈಯಲ್ಲಿ ಎತ್ತಿ ನೋಡಿ. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಹಗುರ ಅನ್ನಿಸಿದರೆ ಒಳಗೆ ನಾರು ಕಟ್ಟಿದೆ ಅಂತಲೇ ಅರ್ಥ. ಏಣುಗಳ ಮೇಲೆ ಬೆರಳಾಡಿಸಿ: ಎಳೆಯದರಲ್ಲಿ ಏಣು ಒತ್ತಿದರೆ ಬಾಗುತ್ತದೆ, ಬಲಿತದ್ದರಲ್ಲಿ ಗಟ್ಟಿಯಾಗಿ ಚುಚ್ಚುತ್ತದೆ. ಹೂವಿದ್ದ ತುದಿಯ ಹತ್ತಿರ ಉಗುರು ತಾಗಿಸಿದರೆ ಸುಲಭವಾಗಿ ಇಳಿಯಬೇಕು, ಆದರೆ ಮಾರುವವರನ್ನು ಕೇಳಿ ಮಾಡಿ, ಗೀರು ಬಿದ್ದ ಕಾಯಿ ಅವರಿಗೆ ಮಾರಾಟವಾಗುವುದಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಬೀಜ ಸದ್ದು ಮಾಡಿದರೆ ಇಟ್ಟುಬಿಡಿ. ಉದ್ದದ ಕಾಯಿಯ ಆಸೆ ಬೇಡ, ಒಂದು ಮೊಳದ ಒಳಗಿನದು ಒಳ್ಳೆಯದು.

ಏಣಿಲ್ಲದ, ನುಣುಪಾದ ತುಪ್ಪದ ಹೀರೇಕಾಯಿಯೂ ಇದಕ್ಕೆ ಬಹಳ ಚೆನ್ನ. ಅದು ಬೇಗ ಮೆತ್ತಗಾಗುತ್ತದೆ, ಬೇಗ ಕಪ್ಪಾಗುತ್ತದೆ, ಸಿಹಿ ಜಾಸ್ತಿ. ಮೊದಲ ಸಲ ಮಾಡುವವರು ಏಣಿನದನ್ನೇ ತನ್ನಿ.

ತಂದ ದಿನವೇ ಮಾಡುವುದು ಒಳ್ಳೆಯದು. ಇಡಲೇಬೇಕೆಂದರೆ ತೊಳೆಯದೆ, ಪೇಪರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿ 2 ದಿನ. ಬಯಲುಸೀಮೆಯ ಬೇಸಿಗೆಯಲ್ಲಿ ಹೊರಗೆ ಬಿಟ್ಟ ಕಾಯಿ ಸಂಜೆಯೊಳಗೆ ಬಾಡುತ್ತದೆ.

## 2. ಕಹಿ ನೋಡುವುದು: ಈ ಹಂತ ಬಿಡಲೇಬೇಡಿ

ಪ್ರತಿ ಕಾಯಿಯ ಎರಡೂ ತುದಿ ಕತ್ತರಿಸಿ, ಒಳಗಿನ ತಿರುಳನ್ನು ಕಡಲೆಕಾಳಿನಷ್ಟು ನಾಲಿಗೆಗೆ ಇಟ್ಟು ನೋಡಿ. ಒಂದು ಕಾಯಿ ಸಿಹಿ ಇದೆ ಅಂತ ಇನ್ನೊಂದನ್ನು ನಂಬಬೇಡಿ, ಒಂದೇ ಬುಟ್ಟಿಯಿಂದ ತಂದಿದ್ದರೂ ಸರಿ.

ಕಹಿ ಇದ್ದರೆ ಉಗುಳಿ, ಬಾಯಿ ತೊಳೆದು, ಆ ಕಾಯಿಯನ್ನು ಪೂರ್ತಿ ಎಸೆಯಿರಿ. ಕಹಿಯ ಭಾಗ ಕತ್ತರಿಸಿ ಉಳಿದದ್ದು ಬಳಸುವುದು, ಉಪ್ಪುನೀರಲ್ಲಿ ನೆನೆಸುವುದು, ಸಕ್ಕರೆ ಹಾಕುವುದು ಯಾವುದೂ ಬೇಡ. ಸೋರೆ, ಸೌತೆ, ಹೀರೆ ಈ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಇರುವ ಸಾಧ್ಯತೆ ಇದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಹೊಟ್ಟೆನೋವು, ವಾಂತಿ, ಭೇದಿ ಬರುತ್ತದೆ. ಕಹಿ ಸೋರೆಕಾಯಿ ರಸ ಕುಡಿಯಬಾರದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ ಎಚ್ಚರಿಸಿದೆ. ಹಾಗಲಕಾಯಿ ಕಹಿ ತಿಂದು ಅಭ್ಯಾಸ ಇರುವವರು ಇದನ್ನೂ ಹಾಗೇ ಅಂದುಕೊಳ್ಳುತ್ತಾರೆ, ಆದರೆ ಎರಡೂ ಒಂದೇ ಕಹಿ ಅಲ್ಲ. ತಿಂದ ಮೇಲೆ ವಾಂತಿ ಶುರುವಾದರೆ ಮನೆಮದ್ದು ಅಂತ ಕೂರದೆ ಆಸ್ಪತ್ರೆಗೆ ಹೋಗಿ.

## 3. ಸಿಪ್ಪೆ ತೆಗೆದು ಹೆಚ್ಚುವುದು

ಮೊದಲು ಏಣುಗಳನ್ನು ಮಾತ್ರ ಪೀಲರ್‌ನಿಂದ ಉದ್ದಕ್ಕೆ ತೆಗೆಯಿರಿ. ಏಣಿನ ನಡುವಿನ ಹಸಿರು ಸಿಪ್ಪೆಯನ್ನು ಪೂರ್ತಿ ಕೆತ್ತಬೇಡಿ, ಮೇಲ್ಮೇಲೆ ಒಮ್ಮೆ ಕೆರೆದರೆ ಸಾಕು. ಈ ತೆಳು ಹಸಿರು ಪದರವೇ ಹೋಳು ಕಲಸಿಹೋಗದಂತೆ ಹಿಡಿದುಕೊಳ್ಳುವುದು. ಬಿಳಿ ತಿರುಳು ಕಾಣುವವರೆಗೆ ಕೆತ್ತಿದವರ ಬಾಣಲೆಯಲ್ಲಿ 3 ನಿಮಿಷಕ್ಕೇ ಎಲ್ಲ ಕರಗಿರುತ್ತದೆ. (ಕೆತ್ತಿದ ಸಿಪ್ಪೆ ಎಸೆಯಬೇಡಿ. ಚಟ್ನಿ ಆಗುತ್ತದಲ್ವಾ.)

ಹೆಚ್ಚುವ ರೀತಿ ಪಲ್ಯದ್ದಲ್ಲ. ಕಾಯಿಯನ್ನು ಹಲಗೆಯ ಮೇಲಿಟ್ಟು ಓರೆಯಾಗಿ ಒಂದು ಹೋಳು ಕತ್ತರಿಸಿ, ಕಾಯಿಯನ್ನು ಕಾಲು ಸುತ್ತು ಉರುಳಿಸಿ, ಮತ್ತೆ ಅದೇ ಓರೆಯಲ್ಲಿ ಕತ್ತರಿಸಿ. ಪ್ರತಿ ಹೋಳೂ ಮೂಲೆ ಮೂಲೆಯಾಗಿ, ಒಂದು ಇಂಚಿನಷ್ಟು ದಪ್ಪ ಬರುತ್ತದೆ, ಪ್ರತಿಯೊಂದಕ್ಕೂ ಒಂದು ಕಡೆ ಹಸಿರು ಸಿಪ್ಪೆ ಉಳಿದಿರುತ್ತದೆ. ಈಳಿಗೆ ಮಣೆಯಲ್ಲೂ ಇದನ್ನು ಮಾಡಬಹುದು, ಕೈ ತಿರುವುವುದು ಅಭ್ಯಾಸವಾಗಬೇಕು ಅಷ್ಟೇ. ಇದಕ್ಕಿಂತ ಸಣ್ಣಗೆ ಹೆಚ್ಚಿದರೆ ನೀರು ಬಿಡುವ ಜಾಗ ಜಾಸ್ತಿಯಾಗುತ್ತದೆ.

ಒಳಗೆ ಬೀಜ ಬೆಳ್ಳಗೆ ಮೆತ್ತಗಿದ್ದರೆ ಹಾಗೇ ಬಿಡಿ. ಬೀಜ ಗಟ್ಟಿಯಾಗಿ ಕಪ್ಪು ತಿರುಗಿದ್ದರೆ, ತಿರುಳಿನಲ್ಲಿ ಬಿಳಿ ಜಾಲರಿ ಕಾಣಿಸಿದರೆ, ಆ ಕಾಯಿ ಈ ಅಡುಗೆಗೆ ಬೇಡ.

## 4. ಕಪ್ಪಾಗದ ಹಾಗೆ ನೋಡಿಕೊಳ್ಳುವುದು

ಹೆಚ್ಚಿದ ಹೋಳಿಗೆ ಗಾಳಿ ತಾಗಿದ ಕೂಡಲೇ ಬಣ್ಣ ಬದಲಾಗಲು ಶುರು, ಬದನೆಕಾಯಿಯಲ್ಲಿ ಆಗುವುದೂ ಇದೇ. ಹಾಗಾಗಿ ಕಾಯಿ ಹೆಚ್ಚುವುದು ಕೊನೆಯ ಕೆಲಸವಾಗಬೇಕು. ಬೆಳ್ಳುಳ್ಳಿ, ಶುಂಠಿ, ಸಾಸ್ ಎಲ್ಲ ಮುಗಿದ ಮೇಲೆ ಕಾಯಿಗೆ ಕೈ ಹಾಕಿ.

ಹೆಚ್ಚಿದ ಹೋಳನ್ನು ತಣ್ಣೀರಿಗೆ ಹಾಕಿ, ಒಂದು ಚಿಟಿಕೆ ಉಪ್ಪು ಸಾಕು, 5 ನಿಮಿಷದ ಮೇಲೆ ಬಿಡಬೇಡಿ. ಆಮೇಲೆ ತೂತಿನ ಬುಟ್ಟಿಗೆ ಸುರಿದು ನೀರು ಬಸಿಯಿರಿ, ಒಣ ಬಟ್ಟೆಯ ಮೇಲೆ ಹರಡಿ ಮೇಲಿನಿಂದಲೂ ಒತ್ತಿ ಒರೆಸಿ. ಈ ಒರೆಸುವ ಕೆಲಸವನ್ನು ತುಂಬ ಜನ ಬಿಡುತ್ತಾರೆ. ಹಸಿ ಹೋಳು ಕಾದ ಎಣ್ಣೆಗೆ ಬಿದ್ದರೆ ಮುಖಕ್ಕೆ ಸಿಡಿಯುತ್ತದೆ, ಬಾಣಲೆಯ ಬಿಸಿಯೂ ಅಲ್ಲೇ ಇಳಿದುಹೋಗುತ್ತದೆ.

ನೆಂಟರಿಗೆ ಮಾಡುತ್ತಿದ್ದೀರಿ, ಬಣ್ಣ ಪಚ್ಚೆ ಹಸಿರಾಗಿಯೇ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಕುದಿಯುವ ನೀರಿಗೆ ಸ್ವಲ್ಪ ಉಪ್ಪು, ನಾಲ್ಕು ಹನಿ ಎಣ್ಣೆ ಹಾಕಿ, ಹೋಳನ್ನು 30 ಸೆಕೆಂಡ್ ಅದ್ದಿ ತೆಗೆದು, ತಣ್ಣೀರಿಗೆ ಹಾಕಿ, ಬಸಿದು ಒರೆಸಿ. ಬಣ್ಣ ನಿಲ್ಲುತ್ತದೆ. ಹೀಗೆ ಮಾಡಿದರೆ ಮುಂದೆ ಹುರಿಯುವ ಸಮಯವನ್ನು ಅರ್ಧಕ್ಕೆ ಇಳಿಸಿ.

## 5. ಒಲೆ ಹಚ್ಚುವ ಮೊದಲು ಎಲ್ಲ ಪಕ್ಕದಲ್ಲಿ

ಹುರಿಯುವುದು ಒಟ್ಟು 4 ರಿಂದ 5 ನಿಮಿಷದ ಕೆಲಸ. ಮಧ್ಯದಲ್ಲಿ ಡಬ್ಬಿ ಹುಡುಕಲು ಸಮಯ ಇರುವುದಿಲ್ಲ. ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಸೀಳಿದ ಶುಂಠಿ ಮತ್ತು ಮೆಣಸಿನಕಾಯಿ ಒಂದು ತಟ್ಟೆಯಲ್ಲಿ. ಉಪ್ಪು ಸಕ್ಕರೆ ಒಂದು ಬಟ್ಟಲಲ್ಲಿ. ಕಾರ್ನ್ ಫ್ಲೋರ್‌ಗೆ 2 ದೊಡ್ಡ ಚಮಚ ತಣ್ಣೀರು ಹಾಕಿ ಗಂಟಿಲ್ಲದೆ ಕಲಸಿ ಇನ್ನೊಂದರಲ್ಲಿ. ಬಿಸಿನೀರು ಒಂದು ಲೋಟ. ಅನ್ನವೂ ಮೊದಲೇ ಆಗಿರಲಿ, ಈ ಅಡುಗೆ ಕಾಯುವುದಿಲ್ಲ.

## 6. ಹುರಿಯುವುದು

ಗೋಬಿ ಮಂಚೂರಿ ಗಾಡಿಯ ಹತ್ತಿರ ನಿಂತು ಆ ಒಲೆಯ ಸದ್ದು ಕೇಳಿದ್ದೀರಲ್ವಾ, ಭರ್ ಅಂತ ಉರಿ ಬಾಣಲೆಯ ಅಂಚಿಗೆ ಬರುತ್ತದೆ. ಮನೆಯ ಗ್ಯಾಸ್‌ಗೆ ಅಷ್ಟು ಶಕ್ತಿ ಇಲ್ಲ. ಅದಕ್ಕೆ ಪರಿಹಾರ ಒಂದೇ, ಒಂದು ಸಲಕ್ಕೆ ಕಾಲು ಕೆಜಿ ಹೋಳಿಗಿಂತ ಜಾಸ್ತಿ ಹಾಕಬೇಡಿ. ಅರ್ಧ ಕೆಜಿ ಇದ್ದರೆ ಎರಡು ಸಲ ಹುರಿಯಿರಿ. ಸಾಮಾನೂ ಎರಡು ಪಾಲಾಗಲಿ. ಬೇಸರ ಅನ್ನಿಸಿದರೂ ಇದೇ ದಾರಿ.

ಬಾಣಲೆಯನ್ನು ದೊಡ್ಡ ಉರಿಯಲ್ಲಿ ಖಾಲಿ ಕಾಯಿಸಿ (ನಾನ್‌ಸ್ಟಿಕ್ ಆದರೆ ಎಣ್ಣೆ ಹಾಕಿಯೇ ಕಾಯಿಸಿ). ಒಂದು ಹನಿ ನೀರು ಬಿಟ್ಟರೆ ತಕ್ಷಣ ಆವಿಯಾಗಬೇಕು. ಆ ಹನಿ ಪೂರ್ತಿ ಆರಿದ ಮೇಲೆ ಎಣ್ಣೆ ಹಾಕಿ ಬಾಣಲೆ ಸುತ್ತ ತಿರುಗಿಸಿ. ಎಣ್ಣೆ ಅಲೆಅಲೆಯಾಗಿ ಹೊಳೆಯುವಾಗ ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ 10 ಸೆಕೆಂಡ್ ಕೈಯಾಡಿಸಿ. ಬೆಳ್ಳುಳ್ಳಿ ಕೆಂಪಾಗಬಾರದು, ಕೆಂಪಾದರೆ ಮುಂದಿನ 3 ನಿಮಿಷದಲ್ಲಿ ಸೀದು ಇಡೀ ಅಡುಗೆಗೆ ಸೀಕಲು ವಾಸನೆ ಕೊಡುತ್ತದೆ.

ತಕ್ಷಣ ಹೋಳು ಸುರಿದು ಒಂದೇ ಪದರವಾಗಿ ಹರಡಿ. ಈಗ ಅರ್ಧ ನಿಮಿಷ ಸುಮ್ನೆ ಬಿಡಿ. ಕೈಯಾಡಿಸಬೇಡಿ. ತಳ ತಾಗಿದ ಕಡೆ ಸ್ವಲ್ಪ ಬಣ್ಣ ಬಂದ ಮೇಲೆ ಸಟ್ಟುಗದಿಂದ ಕೆಳಗಿನಿಂದ ಎತ್ತಿ ಮಗುಚಿ. ಹೀಗೆ ಎತ್ತಿ ಮಗುಚುತ್ತ ಒಂದೂವರೆ ಎರಡು ನಿಮಿಷ.

ಇಲ್ಲಿ ಕಣ್ಣಿಗಿಂತ ಕಿವಿಯನ್ನು ಜಾಸ್ತಿ ನಂಬಿ. ಎಣ್ಣೆಯಲ್ಲಿ ಹುರಿಯುವ ಚರಚರ ಸದ್ದು ಇರುವವರೆಗೆ ಎಲ್ಲ ಸರಿ ಇದೆ. ಸದ್ದು ಇಳಿದು ಗುಳುಗುಳು ಅಂತ ಕುದಿಯುವ ಸದ್ದಾದರೆ ನೀರು ಬಿಡಲು ಶುರುವಾಗಿದೆ. ಅರ್ಧ ಹೋಳನ್ನು ತಟ್ಟೆಗೆ ತೆಗೆದು, ಬಾಣಲೆ ಮತ್ತೆ ಕಾದ ಮೇಲೆ ಸೇರಿಸಿ.

ಈಗ 2 ದೊಡ್ಡ ಚಮಚ ಬಿಸಿನೀರನ್ನು ಹೋಳಿನ ಮೇಲಲ್ಲ, ಬಾಣಲೆಯ ಅಂಚಿನಲ್ಲಿ ಸುತ್ತ ಬಿಡಿ. ಭುಸ್ ಅಂತ ಹಬೆ ಏಳುತ್ತದೆ, ಆ ಹಬೆಯೇ ಹೋಳಿನ ನಡುವನ್ನು ಬೇಯಿಸುವುದು. ತಣ್ಣೀರು ಹಾಕಿದರೆ ಬಿಸಿ ಇಳಿಯುತ್ತದೆ. ಮುಚ್ಚಳ ಬೇಡ. ಒಂದು ನಿಮಿಷದೊಳಗೆ ಹೋಳಿನ ಅಂಚು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ, ನಡುವೆ ಇನ್ನೂ ಸ್ವಲ್ಪ ಬಿಳಿ ಉಳಿದಿರುತ್ತದೆ. ಇದೇ ಸರಿಯಾದ ಹೊತ್ತು. ಪೂರ್ತಿ ಪಾರದರ್ಶಕ ಆಗಲಿ ಅಂತ ಕಾದರೆ ತಟ್ಟೆಗೆ ಬರುವಷ್ಟರಲ್ಲಿ ಕಲಸಿಹೋಗಿರುತ್ತದೆ, ಒಳಗಿನ ಬಿಸಿ ಒಲೆ ಆರಿಸಿದ ಮೇಲೂ ಬೇಯಿಸುತ್ತಲೇ ಇರುತ್ತದೆ.

ಈಗ ಉಪ್ಪು, ಸಕ್ಕರೆ, ಸೋಯಾ ಸಾಸ್. ಎರಡು ಸಲ ಮಗುಚಿ. ಕಾರ್ನ್ ಫ್ಲೋರ್ ನೀರು ತಳದಲ್ಲಿ ಕೂತಿರುತ್ತದೆ, ಮತ್ತೊಮ್ಮೆ ಕದಡಿ ಬಾಣಲೆಯ ನಡುವಿನ ರಸಕ್ಕೆ ಸುರಿಯಿರಿ. 20 ಸೆಕೆಂಡ್‌ನಲ್ಲಿ ಮಂದವಾಗಿ ಹೋಳಿಗೆ ಅಂಟಿ ಹೊಳಪು ಬರುತ್ತದೆ. ಒಲೆ ಆರಿಸಿ, ಕರಿಮೆಣಸು, ಎಳ್ಳು ಉದುರಿಸಿ, ಬಾಣಲೆಯಲ್ಲೇ ಬಿಡದೆ ಅಗಲ ತಟ್ಟೆಗೆ ತೆಗೆಯಿರಿ.

ಬಿಸಿ ಅನ್ನಕ್ಕೆ ಇದು ಹೇಳಿ ಮಾಡಿಸಿದ್ದು. ಜೋಳದ ರೊಟ್ಟಿಗೂ ಒಗ್ಗುತ್ತದೆ, ಆಗ ರಸ ಸ್ವಲ್ಪ ಗಟ್ಟಿ ಇರಲಿ.

## 7. ಮೊಟ್ಟೆ ಹಾಕುವುದಾದರೆ, ಪನೀರ್ ಹಾಕುವುದಾದರೆ

ಚೀನಾದಲ್ಲೂ ಥಾಯ್ಲೆಂಡಿನಲ್ಲೂ ಹೀರೇಕಾಯಿಗೆ ಮೊಟ್ಟೆ ಮನೆಮನೆಯ ಜೋಡಿ. ತಪ್ಪು ಆಗುವುದು ಕ್ರಮದಲ್ಲಿ: ಬೇಯುತ್ತಿರುವ ಹೀರೇಕಾಯಿಯ ಮೇಲೆ ಮೊಟ್ಟೆ ಸುರಿದರೆ, ನೀರು ಇದ್ದಾಗ ಅದು ಒಡೆದ ಹಾಲಿನ ಥರ ಚೂರುಚೂರಾಗುತ್ತದೆ. ಥಾಯ್ ಅಡುಗೆಯಲ್ಲಿ ಬಾಣಲೆಗೇ ಒಡೆದು ಹಾಕುವ ರೂಢಿ ಇದೆ, ಅದು ಉರಿ ಕೈಯಲ್ಲಿ ಹಿಡಿತಕ್ಕೆ ಬಂದ ಮೇಲೆ ಮಾಡಿ.

ಹೊಸಬರು ಹೀಗೆ ಮಾಡಿ. 3 ಮೊಟ್ಟೆಗೆ ಚಿಟಿಕೆ ಉಪ್ಪು ಹಾಕಿ ಕಡೆಯಿರಿ. ಕಾದ ಎಣ್ಣೆಗೆ ಸುರಿದು, ಅಂಚು ಉಬ್ಬುವಾಗ ದೊಡ್ಡ ದೊಡ್ಡ ತುಂಡಾಗಿ ಮಗುಚಿ, ಮೇಲೆ ಇನ್ನೂ ಸ್ವಲ್ಪ ಹಸಿ ಇರುವಾಗಲೇ ತಟ್ಟೆಗೆ ತೆಗೆಯಿರಿ. ಅದೇ ಬಾಣಲೆಯಲ್ಲಿ 6ನೇ ಹಂತವನ್ನು ಉಪ್ಪು ಹಾಕುವವರೆಗೆ ಮಾಡಿ. ಉಪ್ಪು ಬಿದ್ದ ಮೇಲೆ ಮೊಟ್ಟೆಯನ್ನು ಮತ್ತೆ ಸೇರಿಸಿ, ಹಸಿ ಭಾಗ ಪೂರ್ತಿ ಬೇಯುವವರೆಗೆ ಮಗುಚಿ. ಇಲ್ಲಿ ಕಾರ್ನ್ ಫ್ಲೋರ್ ಬೇಡ, ರಸವನ್ನು ಮೊಟ್ಟೆಯೇ ಹೀರುತ್ತದೆ, ಆ ರಸ ಕುಡಿದ ಮೊಟ್ಟೆಯ ತುಂಡೇ ಈ ಅಡುಗೆಯ ಸೊಗಸು.

ಮೊಟ್ಟೆ ತಿನ್ನದ ಮನೆಯವರು ತೋಫು (ಸೋಯಾ ಹಾಲಿನ ಪನೀರ್) ಅಥವಾ ಪನೀರ್ ಹಾಕಬಹುದು. ಎರಡನ್ನೂ ಮೊದಲೇ ಬೇರೆಯಾಗಿ ಕೆಂಪಗೆ ಹುರಿದಿಟ್ಟುಕೊಂಡು ಕೊನೆಗೆ ಸೇರಿಸಿ. ಜಪಾನಿನ ಒಕಿನಾವಾ ದ್ವೀಪದವರು ಹೀರೇಕಾಯಿಯನ್ನು ತೋಫು ಮತ್ತು ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಜೊತೆ ಬೇಯಿಸುತ್ತಾರೆ, ಜೋಡಿ ಹೊಸದೇನಲ್ಲ. ಸಸ್ಯಾಹಾರಿಗಳು ಒಂದು ವಿಷಯ ನೋಡಿಕೊಳ್ಳಿ: ಆಯ್ಸ್ಟರ್ ಸಾಸ್‌ನಲ್ಲಿ ಸಿಂಪಿಯ ಸಾರ, ಫಿಶ್ ಸಾಸ್‌ನಲ್ಲಿ ಮೀನು ಇರುತ್ತದೆ. ಬಾಟಲಿಯ ಮೇಲಿನ ಹಸಿರು ಚುಕ್ಕೆ ನೋಡಿಯೇ ತನ್ನಿ.

## 8. ಶಾವಿಗೆ ಹಾಕಿದ ಸೂಪ್

ಕಾಯಿ ಸ್ವಲ್ಪ ಮೆತ್ತಗಾದರೂ ಕೆಡದ ಅಡುಗೆ ಬೇಕೆಂದರೆ ಇದು. ಫಿಲಿಪೀನ್ಸ್‌ನಲ್ಲಿ ಹೀರೇಕಾಯಿಗೆ ಪಟೋಲಾ ಅನ್ನುತ್ತಾರೆ, ಮಿಸುವಾ ಅನ್ನುವ ಕೂದಲಿನಂಥ ಗೋಧಿ ಎಳೆ ಹಾಕಿ ಸೂಪ್ ಮಾಡುತ್ತಾರೆ. ನಮ್ಮಲ್ಲಿ ಮನೆಯಲ್ಲಿ ಹೊಸೆದ ಗೋಧಿ ಶಾವಿಗೆ ಆ ಜಾಗಕ್ಕೆ ಸರಿಯಾಗಿ ಕೂರುತ್ತದೆ.

ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಂದು ಈರುಳ್ಳಿ ಬಾಡಿಸಿ. ಕೋಳಿ ಬೇಯಿಸಿದ ನೀರು ಅಥವಾ ಅಣಬೆ ಬೇಯಿಸಿದ ನೀರು 4 ಲೋಟ ಹಾಕಿ ಕುದಿಸಿ. ಮಿಸುವಾ ಒಂದೆರಡು ನಿಮಿಷಕ್ಕೇ ಬೇಯುತ್ತದೆ, ಅವರು ಅದನ್ನು ಕೊನೆಗೆ ಹಾಕುತ್ತಾರೆ. ನಮ್ಮ ಶಾವಿಗೆ ಅದಕ್ಕಿಂತ ದಪ್ಪ, ಹಾಗಾಗಿ ಮೊದಲು ಒಂದು ಹಿಡಿ ಶಾವಿಗೆ, ಅದು ಮುಕ್ಕಾಲು ಬೆಂದ ಮೇಲೆ ಹೀರೇಕಾಯಿ, 3 ನಿಮಿಷ ಕುದಿಸಿ, ಉಪ್ಪು, ಕರಿಮೆಣಸು. ಒಂದೇ ಹಿಡಿ ಸಾಕು. ಜಾಸ್ತಿ ಹಾಕಿದರೆ ಹತ್ತು ನಿಮಿಷದಲ್ಲಿ ನೀರೆಲ್ಲ ಕುಡಿದು ಉಪ್ಪಿಟ್ಟಾಗುತ್ತದೆ.

## 9. ಬಸಳೆ ಜೊತೆ, ವಿಯೆಟ್ನಾಂ ರೀತಿ

ವಿಯೆಟ್ನಾಂನಲ್ಲಿ ಹೀರೇಕಾಯಿಯನ್ನು ಬಸಳೆ ಸೊಪ್ಪಿನ ಜೊತೆ ತಿಳಿ ಸಾರು ಮಾಡುತ್ತಾರೆ, ಗದ್ದೆಯ ಏಡಿ ಕುಟ್ಟಿ ಸೋಸಿದ ನೀರಿನಲ್ಲಿ. ಏಡಿ ತಿನ್ನುವವರು ಆ ನೀರನ್ನು ಸಣ್ಣ ಉರಿಯಲ್ಲಿ ಕಾಯಿಸಬೇಕು. ಬಿಸಿಯಾಗುತ್ತ ಬಂದಾಗ ಕದಡುವುದನ್ನು ನಿಲ್ಲಿಸಿಬಿಡಿ, ಏಡಿಯ ಸಾರ ಗಟ್ಟಿಯಾಗಿ ಮೇಲೆ ತೇಲುತ್ತದೆ, ಕದಡಿದರೆ ಒಡೆದುಹೋಗುತ್ತದೆ. ಏಡಿ ಬೇಡದವರು ಬರೀ ನೀರಿಗೆ ಜಜ್ಜಿದ ಶುಂಠಿ, ಬಾಡಿಸಿದ ಈರುಳ್ಳಿ ಹಾಕಿ.

ಕುದಿಯುವಾಗ ಹೀರೇಕಾಯಿ, 2 ನಿಮಿಷದ ನಂತರ ಬಸಳೆ ಎಲೆ, ಇನ್ನೊಂದು ನಿಮಿಷ, ಉಪ್ಪು, ಇಳಿಸಿ. ಬಸಳೆಗೆ ತನ್ನದೇ ಲೋಳೆ ಇದೆ. ಜಾಸ್ತಿ ಕುದಿಸಿದರೆ ಸಾರು ಎಳೆಎಳೆ ಬರುತ್ತದೆ. ಹುಣಸೆ, ಸಾರಿನ ಪುಡಿ ಹಾಕಲು ಕೈ ಹೋಗುತ್ತದೆ, ತಡೆಯಿರಿ, ಎಳೆ ಹೀರೇಕಾಯಿಯ ಸಿಹಿ ಹೀಗೆ ಸಪ್ಪೆ ಸಾರಿನಲ್ಲೇ ಸರಿಯಾಗಿ ನಾಲಿಗೆಗೆ ಸಿಗುವುದು.

## ಕೈಮೀರಿದರೆ

ನೀರು ಬಿಟ್ಟೇಬಿಟ್ಟಿತು ಅಂದರೆ ಕುದಿಸಿ ಆರಿಸಲು ಹೋಗಬೇಡಿ, ಹೋಳು ಇನ್ನೂ ಕರಗುತ್ತದೆ. ಹೋಳನ್ನು ಜಾಲರಿ ಸಟ್ಟುಗದಲ್ಲಿ ತಟ್ಟೆಗೆ ಎತ್ತಿ, ಬಾಣಲೆಯಲ್ಲಿ ಉಳಿದ ನೀರನ್ನು ಮಾತ್ರ ದೊಡ್ಡ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಕಾರ್ನ್ ಫ್ಲೋರ್ ನೀರು ಹಾಕಿ ಮಂದ ಮಾಡಿ, ಹೋಳಿನ ಮೇಲೆ ಸುರಿಯಿರಿ. ಪೂರ್ತಿ ಮೆತ್ತಗಾಗಿದ್ದರೆ ಬಿಸಿನೀರು ಸೇರಿಸಿ 8ನೇ ಹಂತದ ಸೂಪ್ ಮಾಡಿಬಿಡಿ. ಕಪ್ಪಾಗಿದ್ದರೆ ನೋಡಲು ಚೆನ್ನಾಗಿಲ್ಲ ಅಷ್ಟೇ, ಕಹಿ ಇಲ್ಲದಿದ್ದರೆ ತಿನ್ನಬಹುದು. ಉಪ್ಪು ಜಾಸ್ತಿಯಾದರೆ ಹುರಿದ ಪನೀರ್ ಅಥವಾ ಮೊಟ್ಟೆ ಸೇರಿಸಿ.

ಉಳಿದದ್ದನ್ನು ಬೆಳಿಗ್ಗೆಗೆ ಇಡುವುದು ಬೇಡ. ರಾತ್ರಿಯಿಡೀ ನೀರು ಬಿಟ್ಟು ಹೋಳು ಚಿಂದಿಯಾಗಿರುತ್ತದೆ, ಮತ್ತೆ ಬಿಸಿ ಮಾಡಿದರೆ ಇನ್ನೂ ಹಾಳು. ಊಟಕ್ಕೆ ಎಷ್ಟು ಜನ ಇದ್ದಾರೋ ಅಷ್ಟಕ್ಕೇ ಹೆಚ್ಚಿ. ಮಿಕ್ಕ ಕಾಯಿ ಇಡಿಯಾಗಿಯೇ ಫ್ರಿಜ್‌ನಲ್ಲಿರಲಿ.